ಹಣೆಗೆ ಕಟ್ಟುವ ಬೆಳಕಿನ ಪಟ್ಟಿ: ಅಳೆಯುವುದು ಗಮನವನ್ನೋ, ಚರ್ಮದ ರಕ್ತವನ್ನೋ?

ಹಣೆಗೆ ಬಿಗಿಯುವ ಮೆತ್ತನೆಯ ಪಟ್ಟಿ. ಒಳಮೈಯಲ್ಲಿ ಸಾಲಾಗಿ ಕೂತ ಪುಟ್ಟ ಎಲ್‌ಇಡಿಗಳು, ನಡುನಡುವೆ ಬೆಳಕು ಹಿಡಿಯುವ ಸೆನ್ಸರ್‌ಗಳು, ಹಿಂಬದಿಗೆ ಬ್ಯಾಟರಿ, ಫೋನಿನಲ್ಲೊಂದು ಆಪ್. ಕಟ್ಟಿಕೊಂಡು ಒಂದು ನಿಮಿಷ ಸುಮ್ಮನೆ ಕೂತರೆ ಪರದೆಯ ಮೇಲೆ ಅಂಕ ಕುಣಿಯತೊಡಗುತ್ತದೆ: ಗಮನ 72, ಗಮನ 64, ಗಮನ 81. ಮಿದುಳಿಗೆ ಹರಿಯುವ ರಕ್ತವನ್ನು ಬೆಳಕಿನಿಂದ ಅಳೆದು ಈ ಅಂಕ ಕೊಡುತ್ತೇವೆ ಎನ್ನುವುದು ಮಾರುವವರ ಮಾತು. ಈ ವಿಧಾನಕ್ಕೆ ಪ್ರಯೋಗಾಲಯಗಳಲ್ಲಿ ಎಫ್‌ನಿರ್ಸ್ ಎಂದು ಹೆಸರು. ಇಲ್ಲಿ ಯಾವುದೇ ಒಂದು ಕಂಪನಿಯ ಮಾಲನ್ನು ಎತ್ತಿಕೊಂಡಿಲ್ಲ; ಎರಡು ತರಂಗಾಂತರದ ಬೆಳಕು, ಬೆರಳೆಣಿಕೆಯ ಚಾನಲ್‌ಗಳು (ಒಂದು ಎಲ್‌ಇಡಿ, ಒಂದು ಸೆನ್ಸರ್ ಸೇರಿದ ಜೋಡಿಯೇ ಒಂದು ಚಾನಲ್), ಹಣೆಯ ಮೇಲೆ ಮಾತ್ರ ಕೂರುವ ವಿನ್ಯಾಸ ಇರುವ ಈ ಇಡೀ ಜಾತಿಯ ಪಟ್ಟಿಗಳ ವಿಮರ್ಶೆ ಇದು.

ತೀರ್ಪನ್ನು ಕೊನೆಯವರೆಗೆ ಹಿಡಿದಿಡುವುದು ಬೇಡ. ಪಟ್ಟಿ ಒಳ್ಳೆಯ ಉಪಕರಣ, ಅದರ ಮೇಲೆ ಕೂರಿಸಿದ ಗಮನದ ಅಂಕ ನಂಬಲು ಯೋಗ್ಯವಲ್ಲ. ಹತ್ತಿರದ ಚಾನಲ್ (ಚರ್ಮದ ರಕ್ತವನ್ನಷ್ಟೇ ಅಳೆಯಲು ಎಲ್‌ಇಡಿಯ ಪಕ್ಕದಲ್ಲೇ ಇಡುವ ಸೆನ್ಸರ್) ಇರುವ, ಕಚ್ಚಾ ದತ್ತಾಂಶವನ್ನು ಹೊರತೆಗೆಯಲು ಬಿಡುವ ಪಟ್ಟಿ ಸಿಕ್ಕರೆ ಕೊಳ್ಳಬಹುದು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಅದು ದುಬಾರಿ ನಾಡಿಮಾಪಕ, ಅಷ್ಟೇ. ಯಾಕೆ ಎಂದು ತಿಳಿಯಲು ರಕ್ತದಿಂದಲೇ ಶುರು ಮಾಡಬೇಕು.

ಮಿದುಳಿನ ತೂಕ ದೇಹದ ತೂಕದ ಶೇ. 2ರಷ್ಟು, ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಆಮ್ಲಜನಕದಲ್ಲಿ ಅದರ ಪಾಲು ಸುಮಾರು ಶೇ. 20. ಪ್ರತಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿ ರಕ್ತ ಬೇಕು. ನರಕೋಶಗಳು ಇಂಧನವನ್ನು ಕೂಡಿಟ್ಟುಕೊಳ್ಳುವುದು ತೀರಾ ಕಡಿಮೆ, ಹಾಗಾಗಿ ಒಂದು ಜಾಗದಲ್ಲಿ ಕೆಲಸ ಹೆಚ್ಚಾದರೆ ಅಲ್ಲಿನ ಸಣ್ಣ ಅಪಧಮನಿಗಳು ಹಿಗ್ಗಿ ರಕ್ತವನ್ನು ಹೆಚ್ಚು ಬಿಡುತ್ತವೆ. ವಿಚಿತ್ರವೆಂದರೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಬಿಡುತ್ತವೆ. ಪೀಟರ್ ಫಾಕ್ಸ್ ಮತ್ತು ಮಾರ್ಕಸ್ ರೈಕಲ್ 1986ರಲ್ಲಿ ಬೆರಳುಗಳಿಗೆ ಕಂಪನ ಕೊಟ್ಟು ಸ್ಪರ್ಶದ ಭಾಗವನ್ನು ಅಳೆದಾಗ ರಕ್ತದ ಹರಿವು ಶೇ. 29ರಷ್ಟು ಏರಿತ್ತು, ಆಮ್ಲಜನಕದ ಬಳಕೆ ಬರೀ ಶೇ. 5. ನಾಲ್ಕು ಜನ ಉಣ್ಣುವಲ್ಲಿಗೆ ಇಪ್ಪತ್ತು ಎಲೆ ಹಾಕಿದ ಹಾಗೆ. ಬಳಕೆಯಾಗದೆ ಉಳಿದ ಆಮ್ಲಜನಕದಿಂದ ಆ ಜಾಗದ ಸಿರೆಗಳಲ್ಲಿ ಕಡುಗೆಂಪು ರಕ್ತ ತೆಳುವಾಗಿ ಹೊಳೆಗೆಂಪು ಹೆಚ್ಚುತ್ತದೆ. ಮಿದುಳಿನ ರಕ್ತದ ಬದಲಾವಣೆಯನ್ನು ಕಾಂತದ ಬಲದಿಂದ ಚಿತ್ರಿಸುವ ಎಫ್‌ಎಂಆರ್‌ಐ ಯಂತ್ರವೂ ಈ ಬೆಳಕಿನ ಪಟ್ಟಿಯೂ ಬದುಕಿರುವುದು ಇದೇ ಅತಿಧಾರಾಳತನದ ಮೇಲೆ.

ಗಮನಕ್ಕೂ ರಕ್ತಕ್ಕೂ ನಂಟಿದೆ ಎನ್ನುವುದು ಹೊಸ ಸಂಗತಿಯೇನಲ್ಲ. 1928ರಲ್ಲಿ ಜಾನ್ ಫುಲ್ಟನ್ ಒಬ್ಬ ರೋಗಿಯ ಬಗ್ಗೆ ಬರೆದರು. ತಲೆಯ ಹಿಂಭಾಗದಲ್ಲಿ, ಅಂದರೆ ದೃಷ್ಟಿಯ ಕಾರ್ಟೆಕ್ಸ್ (ನೋಟವನ್ನು ನಡೆಸುವ ಮಿದುಳಿನ ಹೊರಪದರ) ಇರುವಲ್ಲಿ, ರಕ್ತನಾಳಗಳ ಗಂಟು ಬೆಳೆದು ರಕ್ತ ಹರಿಯುವ ಸದ್ದು ಹೊರಗಿನಿಂದ ಕೇಳುತ್ತಿತ್ತು. ಆತ ಕಣ್ಣಿಟ್ಟು ಸಣ್ಣ ಅಕ್ಷರಗಳನ್ನು ಓದತೊಡಗಿದರೆ ಆ ಸದ್ದು ಜೋರಾಗುತ್ತಿತ್ತು. ಇಂಥ ಕೇಸು ಮತ್ತೆ ಸಿಗುವುದು ಅಪರೂಪ, ಆದರೆ ನೋಡುವ ಶ್ರಮ ರಕ್ತದ ಸದ್ದಾಗಿ ಕೇಳಿಸಿದ್ದು ನಿಜ.

ಇದರ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ಫಲಿತಾಂಶವಿದೆ. ಪಟ್ಟಿ ಮಾರುವವರು ಅದನ್ನು ಎತ್ತುವುದಿಲ್ಲ. 1955ರಲ್ಲಿ ಲೂಯಿ ಸೊಕೊಲಾಫ್ ಮತ್ತು ಜೊತೆಗಾರರು ಜನರಿಗೆ ಬಾಯಿಲೆಕ್ಕ ಮಾಡಿಸುತ್ತಾ ಇಡೀ ಮಿದುಳಿನ ರಕ್ತದ ಹರಿವನ್ನು ಅಳೆದರು. ವಿಶ್ರಾಂತಿಗೂ ಲೆಕ್ಕಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಗಮನ ಕೊಟ್ಟಾಗ ಇಡೀ ಮಿದುಳಿಗೆ ಹೆಚ್ಚು ರಕ್ತ ನುಗ್ಗುವುದಿಲ್ಲ, ಇರುವ ರಕ್ತದ ಹಂಚಿಕೆ ಬದಲಾಗುತ್ತದೆ. ಒಂದು ಕಡೆ ಏರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಹೀಗಿರುವಾಗ ಹಣೆಯ ಒಂದೇ ಜಾಗದಲ್ಲಿ ಎಷ್ಟು ಏರಿತು ಎಂದು ನೋಡಿ ಗಮನ ಎಷ್ಟಿದೆ ಎಂದು ಹೇಳಲು ಹೊರಡುವುದು, ಊರಿನ ಒಂದು ನಲ್ಲಿಯ ನೀರಿನ ರಭಸ ನೋಡಿ ಊರವರೆಲ್ಲ ಈಗ ಏನು ಮಾಡುತ್ತಿದ್ದಾರೆ ಎಂದು ಹೇಳಿದಂತೆ.

ಈಗ ಪಟ್ಟಿಯ ಒಳಕ್ಕೆ. ಅವಕೆಂಪಿಗೆ ಹತ್ತಿರದ ಬೆಳಕು ಚರ್ಮ ಮತ್ತು ಮೂಳೆಯನ್ನು ದಾಟಿ ಸ್ವಲ್ಪ ಒಳಗೆ ಹೋಗಬಲ್ಲದು ಎಂದು 1977ರಲ್ಲಿ ಫ್ರಾನ್ಸ್ ಯೊಬ್ಸಿಸ್ ತೋರಿಸಿದರು. ಕೆಲಸ ಮಾಡುವ ಮಿದುಳನ್ನು ಇದರಿಂದ ಅಳೆದ ಮೊದಲ ವರದಿಗಳು ಬಂದದ್ದು 1993ರಲ್ಲಿ. ಹೆಚ್ಚಿನ ಪಟ್ಟಿಗಳಲ್ಲಿ 760 ಮತ್ತು 850 ನ್ಯಾನೋಮೀಟರಿನ ಎರಡು ಎಲ್‌ಇಡಿಗಳಿರುತ್ತವೆ. 760ನ್ನು ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಹೆಚ್ಚು ಹೀರುತ್ತದೆ, 850ನ್ನು ಆಮ್ಲಜನಕ ಹೊತ್ತದ್ದು. ಸುಮಾರು 800ರಲ್ಲಿ ಎರಡೂ ಸರಿಸಮ. ಅದರ ಎರಡೂ ಕಡೆ ಒಂದೊಂದು ತರಂಗಾಂತರ ಇದ್ದರೆ ಮಾತ್ರ ಲೆಕ್ಕ ಬಿಡಿಸಲು ಬರುತ್ತದೆ. ಒಂದೇ ತರಂಗಾಂತರದ ಅಗ್ಗದ ಪಟ್ಟಿಗಳೂ ಇವೆ. ಅವು ಅಳೆಯುವುದು ರಕ್ತ ಎಷ್ಟಿದೆ ಎನ್ನುವುದನ್ನು ಮಾತ್ರ, ಅದೂ ಒರಟಾಗಿ. ಅಂಥದ್ದನ್ನು ಪೆಟ್ಟಿಗೆಯಿಂದ ತೆಗೆಯುವ ಶ್ರಮವೂ ಬೇಡ.

ಎಲ್‌ಇಡಿಯಿಂದ ಸೆನ್ಸರ್‌ಗೆ ಸಾಮಾನ್ಯವಾಗಿ 30 ಮಿ.ಮೀ. ಅಂತರ. ಬೆಳಕು ಒಳಗೆ ನೇರ ಹೋಗುವುದಿಲ್ಲ; ಹಾಲಿನಲ್ಲಿ ಟಾರ್ಚ್ ಬಿಟ್ಟ ಹಾಗೆ ಚೆದುರಿ, ಬಾಳೆಹಣ್ಣಿನ ಆಕಾರದ ದಾರಿ ಹಿಡಿದು ಮೇಲೆ ಬರುತ್ತದೆ. ದೊಡ್ಡವರ ತಲೆಯಲ್ಲಿ ನಡೆದ ದಾರಿಯ ಉದ್ದ ಅಂತರದ ಸುಮಾರು 6 ಪಟ್ಟು, ಅಂದರೆ 30 ಮಿ.ಮೀ.ಗೆ 18 ಸೆಂ.ಮೀ. ತಲುಪುವ ಆಳ ಅಂತರದ ಅರ್ಧದಷ್ಟು, ಸುಮಾರು 15 ಮಿ.ಮೀ. ಚರ್ಮ ಮತ್ತು ಮೂಳೆಯ ದಪ್ಪವೇ ಅದಕ್ಕೆ ಹತ್ತಿರ ಇರುವುದರಿಂದ ಮಿದುಳಿನ ಮೇಲ್ಪದರವನ್ನು ಬೆಳಕು ಸವರಿಕೊಂಡು ಬರುತ್ತದೆ, ಅಷ್ಟೇ. ಅಂತರವನ್ನು 40 ಮಿ.ಮೀ.ಗೆ ಹೆಚ್ಚಿಸಿ ಇನ್ನೂ ಆಳಕ್ಕೆ ಹೋಗೋಣವೆಂದರೆ ಸೆನ್ಸರ್‌ಗೆ ಮುಟ್ಟುವ ಬೆಳಕು ಹತ್ತನೇ ಒಂದಕ್ಕೆ ಕುಗ್ಗಿ ಪರದೆಯ ಮೇಲಿನ ಅಳತೆಯ ಗೆರೆಯೆಲ್ಲ ಗದ್ದಲವಾಗುತ್ತದೆ. 30 ಎಂಬುದು ಆ ಜಗ್ಗಾಟದ ರಾಜಿ.

ಅಸಲಿ ತೊಂದರೆ ಇಲ್ಲಿದೆ. ಆ 18 ಸೆಂ.ಮೀ. ದಾರಿಯಲ್ಲಿ ಮಿದುಳಿನೊಳಗೆ ನಡೆದದ್ದು ಸಣ್ಣ ಪಾಲು. ಉಳಿದದ್ದೆಲ್ಲ ಚರ್ಮ ಮತ್ತು ಮೂಳೆ, ಮತ್ತು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಹಣೆಯ ಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿವೆ. ಅವು ನಾಚಿಕೆಗೆ, ಗಾಬರಿಗೆ, ಲೆಕ್ಕ ತಪ್ಪಿದ ಮುಜುಗರಕ್ಕೆ, ಸೆಖೆಗೆ ಎಲ್ಲಕ್ಕೂ ಸ್ಪಂದಿಸುತ್ತವೆ. ಕೆಲಸ ಕಷ್ಟವಾದಾಗ ರಕ್ತದ ಒತ್ತಡ ಸ್ವಲ್ಪ ಏರುತ್ತದೆ, ಉಸಿರಿನ ಲಯ ಬದಲಾಗುತ್ತದೆ. ಹಣೆಯ ಚರ್ಮ ಅದನ್ನು ಚಾಚೂ ತಪ್ಪದೆ ವರದಿ ಮಾಡುತ್ತದೆ. 2012ರಲ್ಲಿ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿದವರ ಹಣೆಗೇ ಬೆಳಕಿನ ಸೆನ್ಸರ್ ಹಚ್ಚಿ ನೋಡಿದ ಸಂಶೋಧಕರಿಗೆ, ಕೆಲಸದ ಜೊತೆಗೇ ಏರಿಳಿದ ದೊಡ್ಡ ಸಂಕೇತದ ಮೂಲ ಹಣೆಯ ಚರ್ಮದಿಂದ ರಕ್ತ ಒಯ್ಯುವ ಸಿರೆಗಳಲ್ಲಿ ಸಿಕ್ಕಿತು. ಕೆಲಸ ಶುರುವಾದಾಗ ಏರಿ, ನಿಂತಾಗ ಇಳಿಯುವ ಚೊಕ್ಕ ಗೆರೆ ಕಂಡ ಮಾತ್ರಕ್ಕೆ ಅದು ಮಿದುಳಿನದ್ದು ಎನ್ನಲಾಗದು. ಚರ್ಮವೂ ಅದೇ ತಾಳಕ್ಕೆ ಕುಣಿಯುತ್ತದೆ.

ಇದಕ್ಕೆ ಮದ್ದು ಹತ್ತಿರದ ಚಾನಲ್. ಎಲ್‌ಇಡಿಯಿಂದ ಸುಮಾರು 8 ಮಿ.ಮೀ. ದೂರದಲ್ಲೇ ಇನ್ನೊಂದು ಸೆನ್ಸರ್ ಇಟ್ಟರೆ ಅದರ ಬೆಳಕು ಮಿದುಳಿನವರೆಗೆ ಹೋಗುವುದೇ ಇಲ್ಲ, ಚರ್ಮದಲ್ಲೇ ತಿರುಗಿ ಬರುತ್ತದೆ. 30 ಮಿ.ಮೀ. ಚಾನಲ್‌ನ ಗೆರೆಯಿಂದ ಇದರ ಗೆರೆಯನ್ನು ಸರಿಯಾದ ಅಳತೆಯಲ್ಲಿ ಕಳೆದರೆ ಉಳಿಯುವುದು ಮಿದುಳಿಗೆ ಹತ್ತಿರದ್ದು. ಕಳೆಯುವುದು ಎಂದರೆ ನೇರ ವ್ಯವಕಲನವಲ್ಲ. ಹತ್ತಿರದ ಗೆರೆಯನ್ನು ಹಿಂಚಲನೆಯ (ರಿಗ್ರೆಶನ್) ಲೆಕ್ಕದಲ್ಲಿ, ಅಂದರೆ ಗೆರೆಯಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸುವ ಲೆಕ್ಕದಲ್ಲಿ, ಒಂದು ಚರವಾಗಿ ಸೇರಿಸಬೇಕು, ಕೆಲಸದ ಗೆರೆ ಇನ್ನೊಂದು ಚರ. ಚರ್ಮದ ರಕ್ತ ಹಣೆಯುದ್ದಕ್ಕೂ ಒಂದೇ ಸಮನಾಗಿ ಇರದ ಕಾರಣ ಹತ್ತಿರದ ಚಾನಲ್ ಎಡಕ್ಕೊಂದು ಬಲಕ್ಕೊಂದು ಆದರೂ ಇರಬೇಕು. ಮಾರಾಟದ ಪುಟದಲ್ಲಿ ಚಾನಲ್‌ಗಳ ಸಂಖ್ಯೆಯನ್ನು ದೊಡ್ಡದಾಗಿ ಹಾಕಿ ಅವುಗಳ ಅಂತರವನ್ನು ಹೇಳದಿದ್ದರೆ ಅನುಮಾನ ಪಡುವುದು ಕ್ಷೇಮ.

ಪಟ್ಟಿಯನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಕಟ್ಟಿಕೊಂಡು, ಗಮನದ ಅಂಕ ತೋರಿಸುವ ಪುಟ ತೆರೆದು, ನೆಟ್ಟಗೆ ಕೂತು ಒಂದು ನಿಮಿಷ ಬಿಡಿ. ಆಮೇಲೆ ಉಸಿರು ಬಿಟ್ಟು 15 ಸೆಕೆಂಡು ಹಿಡಿದುಕೊಳ್ಳಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ರಕ್ತನಾಳಗಳು ಹಿಗ್ಗುತ್ತವೆ, ಆಮ್ಲಜನಕ ಹೊತ್ತ ರಕ್ತವನ್ನು ತೋರಿಸುವ ಕೆಂಪು ಗೆರೆ ನಿಧಾನವಾಗಿ ಮೇಲೆ ಹೋಗುತ್ತದೆ. ಗಮನದ ಅಂಕವೂ ಜೊತೆಗೇ ಏರಿದರೆ ಆಪ್ ಏನು ಮಾಡುತ್ತಿದೆ ಎಂದು ತಿಳಿದಂತಾಯಿತು. ಮುಂದೆ ಬಾಗಿ ನೆಲದ ಪೆನ್ನು ಎತ್ತಿಕೊಳ್ಳಿ: ತಲೆಗೆ ರಕ್ತ ಇಳಿದು ಈ ಕೆಂಪು ಗೆರೆಯೂ ಆಮ್ಲಜನಕ ಕಳೆದುಕೊಂಡ ರಕ್ತದ ನೀಲಿ ಗೆರೆಯೂ ಅಲುಗುತ್ತವೆ. ಹುಬ್ಬು ಹಾರಿಸಿ, ಹಲ್ಲು ಕಚ್ಚಿ: ಪಟ್ಟಿಯ ಕೆಳಗಿನ ಸ್ನಾಯು ಸೆನ್ಸರನ್ನು ಎತ್ತಿ ಚೂಪಾದ ಮುಳ್ಳೇಳುತ್ತದೆ. ಈ ನಾಲ್ಕಕ್ಕೂ ಅಂಕ ಬದಲಾಗುವ ಪಟ್ಟಿಯನ್ನು ಓದುವ ಹೊತ್ತಿನಲ್ಲಿ ಕಟ್ಟಿದರೆ, ಕಷ್ಟದ ಸಾಲು ಬಂದಾಗ ಹುಬ್ಬು ಗಂಟಿಕ್ಕಿದ್ದನ್ನೇ ಅದು ಏಕಾಗ್ರತೆ ಎಂದು ಹೊಗಳುತ್ತದೆ.

ಚರ್ಮದ ಕಾಟ ತೀರಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ಹಣೆಯ ಹಿಂದಿರುವುದು ಮುಂಭಾಗದ ಕಾರ್ಟೆಕ್ಸಿನ ಒಂದು ತುಂಡು. ನೋಟದ ಗಮನವನ್ನು ಅತ್ತಿತ್ತ ತಿರುಗಿಸುವ ಮುಖ್ಯ ಜಾಗಗಳು ಬೇರೆಡೆ ಇವೆ: ತಲೆಯ ಮೇಲ್ಭಾಗದಲ್ಲಿ ಹಿಂದಕ್ಕೆ, ಪೆರೈಟಲ್ ಹಾಲೆಯ ಸೀಳಿನ ಉದ್ದಕ್ಕೂ, ಮುಂದೆ, ಕೂದಲ ಅಂಚಿನಿಂದ ಸಾಕಷ್ಟು ಹಿಂದೆ, ಕಣ್ಣಿನ ಚಲನೆಯನ್ನು ನಡೆಸುವ ಭಾಗದಲ್ಲಿ. ಅನಿರೀಕ್ಷಿತವಾದದ್ದು ಕಂಡಾಗ ಗಮನವನ್ನು ಸೆಳೆದುಕೊಳ್ಳುವ ಜಾಲ ಬಲಗಿವಿಯ ಮೇಲೆ ಹಿಂದಕ್ಕಿರುವ ಸಂಧಿಯ ಸುತ್ತ ಇದೆ. ಮೌರಿಜಿಯೊ ಕೊರ್ಬೆಟ್ಟಾ ಮತ್ತು ಗಾರ್ಡನ್ ಶುಲ್‌ಮನ್ 2002ರಲ್ಲಿ ಈ ಎರಡು ಜಾಲಗಳ ಚಿತ್ರವನ್ನು ಒಟ್ಟಾಗಿ ಮುಂದಿಟ್ಟರು. ಹಣೆಪಟ್ಟಿ ಈ ಯಾವ ಜಾಗದ ಮೇಲೂ ಕೂರುವುದಿಲ್ಲ. ಹಣೆಯನ್ನು ಆರಿಸಿದ್ದಕ್ಕೆ ಕಾರಣ ಒಂದೇ: ಅಲ್ಲಿ ಕೂದಲಿಲ್ಲ.

ಗ್ರಹಿಕೆಯ ಮೇಲೆ ಗಮನ ಏನು ಮಾಡುತ್ತದೆ ಎನ್ನುವುದು ಎದ್ದು ಕಾಣುವುದು ಇಂದ್ರಿಯಗಳ ಜಾಗದಲ್ಲಿ. ಇದಕ್ಕೆ 1999ರ ಒಂದು ಪ್ರಯೋಗವನ್ನು ಮೀರಿಸುವ ಉದಾಹರಣೆ ಕಡಿಮೆ. ಕ್ಯಾಥ್ಲೀನ್ ಓಕ್ರೇವನ್, ಪಾಲ್ ಡೌನಿಂಗ್ ಮತ್ತು ನ್ಯಾನ್ಸಿ ಕ್ಯಾನ್‌ವಿಷರ್ ಒಂದು ಮುಖ ಮತ್ತು ಒಂದು ಮನೆಯ ಚಿತ್ರವನ್ನು ಪಾರದರ್ಶಕವಾಗಿ ಒಂದರ ಮೇಲೊಂದು ಇಟ್ಟು ತೋರಿಸಿದರು. ಕಣ್ಣಿಗೆ ಬಿದ್ದದ್ದು ಒಂದೇ ಚಿತ್ರ. ಮುಖದ ಕಡೆ ಗಮನ ಕೊಟ್ಟಾಗ ಮುಖಗಳಿಗೆ ಸ್ಪಂದಿಸುವ ಭಾಗದಲ್ಲಿ ರಕ್ತದ ಸಂಕೇತ ಹೆಚ್ಚಿತು, ಮನೆಯ ಕಡೆ ಕೊಟ್ಟಾಗ ಜಾಗಗಳಿಗೆ ಸ್ಪಂದಿಸುವ ಭಾಗದಲ್ಲಿ. ಅದೇ ವರ್ಷ ಸಬೀನ್ ಕಾಸ್ಟ್ನರ್ ಮತ್ತು ತಂಡ ತೋರಿಸಿದ್ದು ಇನ್ನೂ ಸೋಜಿಗದ್ದು: ಪರದೆಯ ಒಂದು ಮೂಲೆಯಲ್ಲಿ ಏನೋ ಮೂಡಲಿದೆ ಎಂದು ಕಾಯುತ್ತಿದ್ದರೆ ಸಾಕು, ಇನ್ನೂ ಏನೂ ಮೂಡದಿದ್ದರೂ ಆ ಮೂಲೆಯನ್ನು ನೋಡುವ ದೃಷ್ಟಿಭಾಗದಲ್ಲಿ ಸಂಕೇತ ಏರುತ್ತದೆ. ಗಮನವಿದೆಯೇ ಎಂದು ನೋಡಬೇಕಾದದ್ದು ಇಲ್ಲಿ, ತಲೆಯ ಹಿಂದೆ. ಮುಖದ ಭಾಗವಂತೂ ಮಿದುಳಿನ ಅಡಿಯಲ್ಲಿದೆ, ಯಾವ ಬೆಳಕಿನ ಪಟ್ಟಿಗೂ ಎಟುಕದು.

ಹಾಗಾದರೆ ಹಣೆಯ ಹಿಂದಿನ ಭಾಗ ಏನನ್ನು ಹೇಳುತ್ತದೆ? ನೆನಪಿನಲ್ಲಿ ವಿಷಯ ಹಿಡಿದಿಟ್ಟುಕೊಂಡು ಕೆಲಸ ಮಾಡುವ ಶ್ರಮವನ್ನು, ತಕ್ಕಮಟ್ಟಿಗೆ. ಅಕ್ಷರಗಳು ಒಂದೊಂದಾಗಿ ಬರುತ್ತಿರುವಾಗ ಎರಡು ಅಕ್ಷರಗಳ ಹಿಂದೆ ಬಂದದ್ದೇ ಈಗ ಬಂತೇ ಎಂದು ಹೇಳುವ ಆಟದಲ್ಲಿ, ಕಷ್ಟ ಹೆಚ್ಚಿದಂತೆ ಇಲ್ಲಿನ ಸಂಕೇತವೂ ಹೆಚ್ಚುತ್ತದೆ. ಆದರೆ ಕಷ್ಟ ಮಿತಿ ಮೀರಿದರೆ ಆಡುವವರು ಕೈಚೆಲ್ಲುತ್ತಾರೆ, ಸಂಕೇತ ಇಳಿಯುತ್ತದೆ. ಅದೇ ಆಟವನ್ನು ಹಲವು ದಿನ ಆಡಿ ಪಳಗಿದವರಲ್ಲಿ ಕೆಲಸ ಚೆನ್ನಾಗಿ ನಡೆದರೂ ಮುಂಭಾಗದ ಸಂಕೇತ ಕಡಿಮೆಯಾಗುವುದು ಸಾಮಾನ್ಯ. ಅಂದ ಮೇಲೆ ಕಡಿಮೆ ಅಂಕಕ್ಕೆ ಎರಡು ಅರ್ಥ: ಗಮನವೇ ಇಲ್ಲ, ಅಥವಾ ಕೈ ಪಳಗಿದೆ. ಆಪ್ ಇವೆರಡನ್ನೂ ಒಂದೇ ಬಣ್ಣದಲ್ಲಿ ತೋರಿಸುತ್ತದೆ. ಪಾಠದಲ್ಲಿ ಚುರುಕಾದ ಮಗುವಿನ ಅಂಕ ಇಳಿದದ್ದು ನೋಡಿ ಗದರುವ ಹಿರಿಯರಿಗೆ ಇದನ್ನು ಯಾರು ಹೇಳಬೇಕು?

ರಕ್ತವೇ ಕೆಲವೊಮ್ಮೆ ಮುಂದಾಗಿ ಹೊರಡುತ್ತದೆ ಎನ್ನುವುದನ್ನೂ ಸೇರಿಸಬೇಕು. 2009ರಲ್ಲಿ ಯೆವ್‌ಗೆನಿ ಸಿರೋಟಿನ್ ಮತ್ತು ಅನಿರುದ್ಧ ದಾಸ್ ಮಂಗಗಳ ದೃಷ್ಟಿಭಾಗದಲ್ಲಿ ವಿದ್ಯುತ್ತನ್ನೂ ರಕ್ತವನ್ನೂ ಒಟ್ಟಿಗೆ ಅಳೆದರು. ಕತ್ತಲ ಕೋಣೆಯಲ್ಲಿ, ಕೆಲಸ ಬರುವ ಹೊತ್ತು ಇದು ಎಂದು ಪ್ರಾಣಿಗೆ ಗೊತ್ತಿದ್ದಾಗ, ಅಲ್ಲಿನ ನರಕೋಶಗಳ ಚಟುವಟಿಕೆಯಿಂದ ಊಹಿಸಲಾಗದ ರಕ್ತದ ಅಲೆಯೊಂದು ಸಮಯಕ್ಕೆ ಸರಿಯಾಗಿ ಎದ್ದಿತು. ಇದರ ಅರ್ಥದ ಬಗ್ಗೆ ವಾದ ಸಾಕಷ್ಟು ನಡೆದಿದೆ. ಬಳಸುವವರಿಗೆ ಬೇಕಾದ ಪಾಠ ಸರಳ: ಅಳೆಯುವಾಗ ಕೆಲಸದ ಸುತ್ತುಗಳ ನಡುವಿನ ವಿರಾಮಗಳು ಗಡಿಯಾರದಂತೆ ಒಂದೇ ಸಮ ಇರಬಾರದು.

ಇನ್ನು ಕಟ್ಟುವ ಕೆಲಸ. ಹಣೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಕ್ರೀಮು, ಎಣ್ಣೆ, ಬೆವರು ಮೂರೂ ಪಟ್ಟಿಯನ್ನು ಜಾರಿಸುತ್ತವೆ. ಕೆಳ ಅಂಚು ಹುಬ್ಬಿನಿಂದ ಒಂದು ಬೆರಳಿನಷ್ಟು ಮೇಲಿರಲಿ. ಇನ್ನೂ ಕೆಳಗೆ ಬಂದರೆ ಹುಬ್ಬಿನ ಸ್ನಾಯುವೂ ಮೂಳೆಯೊಳಗಿನ ಗಾಳಿಯ ಗೂಡುಗಳೂ ಲೆಕ್ಕ ಕೆಡಿಸುತ್ತವೆ. ಮೇಲಂಚಿನಲ್ಲಿ ಒಂದು ಎಳೆ ಕೂದಲು ಸೆನ್ಸರ್ ಕೆಳಗೆ ಸಿಕ್ಕಿದರೂ ಆ ಚಾನಲ್ ಕುರುಡು. ಹತ್ತಿ ಸುತ್ತಿದ ಕಡ್ಡಿಯ ತುದಿಯಿಂದ ಕೂದಲನ್ನು ಸರಿಸಿ, ಸೆನ್ಸರನ್ನು ಚರ್ಮಕ್ಕೆ ಊರಿ, ಆಮೇಲೆ ಕಡ್ಡಿ ತೆಗೆಯಬೇಕು. ಮೊದಲೇ ತೆಗೆದರೆ ಕೂದಲು ಮತ್ತೆ ವಾಪಸು ಬರುತ್ತದೆ. ಬಿಗಿ ಹೆಚ್ಚಾದರೆ ಚರ್ಮದ ರಕ್ತ ಹಿಂಡಿಹೋಗಿ ಗೆರೆ ಮೊದಲಿಗೆ ಚೊಕ್ಕವಾಗಿ ಕಾಣುತ್ತದೆ, ಹದಿನೈದು ಇಪ್ಪತ್ತು ನಿಮಿಷದಲ್ಲಿ ತಲೆನೋವು ಶುರು. ನೋವೇ ಗಮನವನ್ನು ಕದಿಯುತ್ತದೆ. ಪಟ್ಟಿ ತೆಗೆದ ಮೇಲೆ ಹಣೆಯಲ್ಲಿ ಗುರುತು ಅರ್ಧ ಗಂಟೆ ಉಳಿದರೆ ಬಿಗಿ ಜಾಸ್ತಿಯಾಗಿತ್ತು ಎಂದೇ ಅರ್ಥ.

ಕೂದಲಿನ ಮತ್ತು ಚರ್ಮದ ಮೆಲನಿನ್ ಈ ಬೆಳಕನ್ನು ಹೀರುತ್ತದೆ. ಕಪ್ಪು ದಟ್ಟ ಕೂದಲು, ಗಾಢ ಬಣ್ಣದ ಚರ್ಮ ಇದ್ದವರಲ್ಲಿ ಸೆನ್ಸರ್‌ಗೆ ಬರುವ ಬೆಳಕು ಕಡಿಮೆ. ಎಲ್‌ಇಡಿಯ ಶಕ್ತಿಯನ್ನು ಚಾನಲ್‌ವಾರು ತಾನೇ ಹೊಂದಿಸಿಕೊಳ್ಳುವ ಪಟ್ಟಿ ಇದನ್ನು ಒಂದು ಮಟ್ಟಿಗೆ ಸರಿದೂಗಿಸುತ್ತದೆ. ಒಂದೇ ಶಕ್ತಿಯಲ್ಲಿ ಉರಿಯುವುದು ಕೈಕೊಡುತ್ತದೆ. ಕೊಳ್ಳುವ ಮೊದಲು ಕೇಳಲೇಬೇಕಾದ ಪ್ರಶ್ನೆ ಇದು, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎನ್ನುವುದಕ್ಕಿಂತ ಮೊದಲು. ಕಿಟಕಿಯ ಬಿಸಿಲು ನೇರ ಬೀಳುವ ಜಾಗ ಬೇಡ, ಬಿಸಿಲಿನಲ್ಲಿ ಇದೇ ಅವಕೆಂಪು ಧಾರಾಳವಾಗಿದೆ. ಪಟ್ಟಿಯ ಮೇಲೆ ಕಪ್ಪು ಬಟ್ಟೆ ಸುತ್ತಿದರೆ ಅರ್ಧ ರಗಳೆ ಕಳೆಯುತ್ತದೆ. ಎಲ್‌ಇಡಿಗಳು ಬಿಸಿಯೇರುವ ಮೊದಲ ಕೆಲವು ನಿಮಿಷ ಗೆರೆ ಒಂದೇ ಕಡೆಗೆ ವಾಲುತ್ತಾ ಹೋಗುತ್ತದೆ. 10 ನಿಮಿಷ ಬಿಟ್ಟು ಶುರು ಮಾಡಿ. ಹೆಚ್ಚಿನ ಆಪ್‌ಗಳು ಮೊದಲ ಒಂದು ನಿಮಿಷವನ್ನೇ ಅಡಿರೇಖೆ, ಅಂದರೆ ಹೋಲಿಕೆಯ ಮೂಲಮಟ್ಟ, ಎಂದು ಹಿಡಿಯುತ್ತವೆ. ಆ ನಿಮಿಷದಲ್ಲಿ ಪಟ್ಟಿ ಸರಿಮಾಡಿಕೊಳ್ಳುತ್ತಾ ಕೂತಿದ್ದರೆ ಇಡೀ ಅಳತೆಯೇ ಹಾಳು.

ಕಾಫಿ ಕುಡಿದು ಬಂದವರ ಅಳತೆಯನ್ನು ಕುಡಿಯದ ದಿನದ ಜೊತೆ ಹೋಲಿಸಬಾರದು. ಒಂದೆರಡು ಕಪ್ಪಿನಷ್ಟು ಕೆಫೀನ್ ಮಿದುಳಿನ ರಕ್ತದ ಹರಿವನ್ನು ಶೇ. 20ರಿಂದ 30ರಷ್ಟು ಇಳಿಸಬಲ್ಲದು. ಎಚ್ಚರ ಹೆಚ್ಚುತ್ತದೆ, ರಕ್ತ ಕಡಿಮೆಯಾಗುತ್ತದೆ. ಹೆಚ್ಚು ರಕ್ತ ಎಂದರೆ ಹೆಚ್ಚು ಗಮನ ಎಂಬ ಸಮೀಕರಣಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿಲ್ಲ.

ಕಟ್ಟಿದ್ದು ಸರಿಯಾಗಿದೆಯೇ ಎಂದು ತಿಳಿಯಲು ನಾಡಿ ನೋಡಿ. 850ರ ಕಚ್ಚಾ ಗೆರೆಯನ್ನು ಹಿಗ್ಗಿಸಿದರೆ ಸೆಕೆಂಡಿಗೊಂದರಂತೆ ಪುಟ್ಟ ಗುಡ್ಡಗಳು ಸಾಲಾಗಿ ಕಾಣಬೇಕು. 760ರಲ್ಲೂ ಅವೇ ಗುಡ್ಡಗಳು, ಅದೇ ಕ್ಷಣಕ್ಕೆ. ಎರಡರ ಹೊಂದಾಣಿಕೆಯನ್ನು (ಪೂರ್ತಿ ಹೊಂದಿದರೆ 1) ನಾಡಿಯ ಆವರ್ತನದ ವ್ಯಾಪ್ತಿಯಲ್ಲಿ, ಅಂದರೆ 0.5ರಿಂದ 2.5 ಹರ್ಟ್ಜ್ ನಡುವೆ ಲೆಕ್ಕ ಹಾಕಿ 0.75ಕ್ಕಿಂತ ಕಡಿಮೆ ಬಂದ ಚಾನಲ್ಲನ್ನು ಬಿಟ್ಟುಬಿಡುವುದು ರೂಢಿ. ನಾಡಿ ಕಾಣದ ಚಾನಲ್‌ನಿಂದ ಗಮನ ಕಾಣುತ್ತದೆ ಎನ್ನುವುದು ಹುಚ್ಚುತನ. ನಾಡಿ ಸರಿಯಾಗಿ ಹಿಡಿಯಲು ಸೆಕೆಂಡಿಗೆ ಸುಮಾರು 10 ಅಳತೆಯಾದರೂ ಬೇಕು. ಸೆಕೆಂಡಿಗೆ 1 ಅಥವಾ 2 ಅಳತೆ ಮಾತ್ರ ಹೊರಗೆ ಕೊಡುವ ಪಟ್ಟಿಯಲ್ಲಿ ಈ ತಪಾಸಣೆಯೇ ಸಾಧ್ಯವಿಲ್ಲ, ಮೇಲಾಗಿ ನಾಡಿಯ ಅಲೆ ವೇಷ ಬದಲಿಸಿ ನಿಧಾನದ ಅಲೆಯಾಗಿ ಒಳಸೇರುತ್ತದೆ.

ಇಷ್ಟೆಲ್ಲ ಸರಿಯಿದ್ದಾಗ ಗೆರೆ ಹೇಗಿರುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡೋಣ. ಅಕ್ಷರದ ಆಟ, 20 ಸೆಕೆಂಡು. ಮೊದಲ ಅಕ್ಷರ ಮೂಡಿದಾಗ ಆಮ್ಲಜನಕ ಹೊತ್ತ ರಕ್ತದ ಕೆಂಪು ಗೆರೆ ಅಲುಗುವುದಿಲ್ಲ. ನರಕೋಶಗಳು ಆಗಲೇ ಕೆಲಸಕ್ಕೆ ಇಳಿದಿವೆ, ರಕ್ತಕ್ಕೆ ಸುದ್ದಿ ಇನ್ನೂ ಮುಟ್ಟಿಲ್ಲ. ಎರಡನೇ ಸೆಕೆಂಡಿನ ಹೊತ್ತಿಗೆ ಕೆಂಪು ಮೇಲಕ್ಕೆ ಓರೆಯಾಗುತ್ತದೆ, ಐದಾರು ಸೆಕೆಂಡಿನಲ್ಲಿ ಬಹುಪಾಲು ಏರಿ ನಿಲ್ಲುತ್ತದೆ. ಆಮ್ಲಜನಕ ಕಳೆದುಕೊಂಡ ರಕ್ತದ ನೀಲಿ ಗೆರೆ ಅದಕ್ಕೆ ವಿರುದ್ಧವಾಗಿ, ಆದರೆ ಮೂರನೇ ಒಂದರಷ್ಟು ಮಾತ್ರ, ಸ್ವಲ್ಪ ತಡವಾಗಿ ಕೆಳಗಿಳಿಯುತ್ತದೆ. 20ನೇ ಸೆಕೆಂಡಿಗೆ ಆಟ ಮುಗಿದರೂ ಕೆಂಪು ಇನ್ನೂ ನಾಲ್ಕೈದು ಸೆಕೆಂಡು ಮೇಲೇ ತೇಲುತ್ತದೆ. 35ರ ಹೊತ್ತಿಗೆ ಹಳೆಯ ಮಟ್ಟ, ಕೆಲವೊಮ್ಮೆ ಅದಕ್ಕೂ ಕೆಳಗೆ ಒಮ್ಮೆ ಅದ್ದಿ ಮೇಲೆ ಬರುತ್ತದೆ. ಹಾಗಾಗಿ ಈ ಕ್ಷಣದ ಗಮನ ಎಂದು ಆಪ್ ತೋರಿಸುವುದು ಐದು ಸೆಕೆಂಡು ಹಳೆಯದು. ಅಂಕ ನೋಡಿ ಗಮನ ಹೆಚ್ಚಿಸಿಕೊಳ್ಳುವ ತರಬೇತಿ ಎಂದರೆ, ಸ್ಟಿಯರಿಂಗ್ ತಿರುಗಿಸಿದ ಐದು ಸೆಕೆಂಡಿನ ಮೇಲೆ ಹೊರಳುವ ಗಾಡಿಯನ್ನು ಓಡಿಸಿದಂತೆ.

ಕೆಂಪು ಮತ್ತು ನೀಲಿ ಎರಡೂ ಒಟ್ಟಿಗೆ ಏರಿದರೆ ಅನುಮಾನಿಸಿ: ಪಟ್ಟಿ ಜಾರಿದೆ, ಅಥವಾ ಚರ್ಮದಲ್ಲಿ ರಕ್ತ ತುಂಬಿದೆ. ಎರಡೂ ಕನ್ನಡಿಯಲ್ಲಿ ನೋಡಿದಂತೆ ಚಾಚೂ ತಪ್ಪದೆ ಎದುರುಬದುರಾಗಿದ್ದರೂ ಅನುಮಾನಿಸಿ. ಎರಡನ್ನೂ ಬಲವಂತವಾಗಿ ಎದುರುಬದುರು ಮಾಡುವ ಒಂದು ಲೆಕ್ಕವಿದೆ. ಅಲುಗಾಟದ ಮುಳ್ಳುಗಳನ್ನು ತೆಗೆಯಲು ಅದು ಉಪಯುಕ್ತ, ಆದರೆ ಅದನ್ನು ಹಾಯಿಸಿದ ಮೇಲೆ ಅಸಲಿ ಯಾವುದು ನಕಲಿ ಯಾವುದು ಎಂದು ಹೇಳುವ ಗುರುತೇ ಅಳಿಸಿಹೋಗಿರುತ್ತದೆ. ಕೆಂಪು ಗೆರೆಯನ್ನು ಮಾತ್ರ ತೋರಿಸುವ ಆಪ್‌ಗಳೂ ಇವೆ. ನೀಲಿ ಚಿಕ್ಕದು, ಗದ್ದಲ ಹೆಚ್ಚು, ಮಾರಾಟಕ್ಕೆ ಚೆಂದ ಕಾಣುವುದಿಲ್ಲ. ಆದರೆ ಚರ್ಮದ ಕಾಟ ನೀಲಿಯಲ್ಲಿ ಕಡಿಮೆ, ಸಾಕ್ಷಿಯಾಗಿ ಅದೇ ಹೆಚ್ಚು ಗಟ್ಟಿ.

ಒಂದೇ ಸಲದ ಗೆರೆಯನ್ನು ನಂಬಿ ಏನನ್ನೂ ಹೇಳಲಾಗದು. ಕೆಲಸದ ಏರಿಳಿತ, ಹಿಮೋಗ್ಲೋಬಿನ್ ಸಾಂದ್ರತೆಯ ಅಳತೆಯಲ್ಲಿ, ಸುಮಾರು ಒಂದು ಮೈಕ್ರೋಮೋಲಾರ್‌ನ ಒಳಗೆ. ಅದರ ಮೇಲೆ ಸೆಕೆಂಡಿಗೊಂದು ನಾಡಿಯ ಅಲೆ, ಮೂರು ನಾಲ್ಕು ಸೆಕೆಂಡಿಗೊಂದು ಉಸಿರಿನ ಅಲೆ, 10 ಸೆಕೆಂಡಿಗೊಂದು ರಕ್ತದ ಒತ್ತಡದ ಅಲೆ ಸವಾರಿ ಮಾಡುತ್ತಿರುತ್ತವೆ. ಈ ಕೊನೆಯದು, ಮೇಯರ್ ಅಲೆ, ಮಹಾ ಮೋಸಗಾರ. ಕೆಲಸ 5 ಸೆಕೆಂಡು, ವಿರಾಮ 5 ಸೆಕೆಂಡು ಎಂದು ಆಟ ಕಟ್ಟಿದರೆ ಅದರ ಲಯವೂ 10 ಸೆಕೆಂಡೇ, ಎರಡನ್ನು ಬೇರ್ಪಡಿಸಲು ದಾರಿಯೇ ಇಲ್ಲ. 20 ಸೆಕೆಂಡು ಕೆಲಸ, 22ರಿಂದ 30 ಸೆಕೆಂಡಿನ ನಡುವೆ ಒಮ್ಮೊಮ್ಮೆ ಒಂದೊಂದು ಉದ್ದದ ವಿರಾಮ, ಒಟ್ಟು 10 ಸುತ್ತು: ಎಂಟು ನಿಮಿಷದೊಳಗೆ ಮುಗಿಯುತ್ತದೆ, ಸರಾಸರಿ ತೆಗೆದರೆ ಗೆರೆ ಎದ್ದು ಬರುತ್ತದೆ. ಈ ಲಯದ ಆವರ್ತನ ಸುಮಾರು 0.022 ಹರ್ಟ್ಜ್. ವಾಲುವಿಕೆ ತೆಗೆಯಲೆಂದು 0.05 ಹರ್ಟ್ಜ್‌ನ ಕೆಳಗಿನದ್ದನ್ನೆಲ್ಲ ಕತ್ತರಿಸುವ ಆಪ್ ಸಿಕ್ಕರೆ ಅದು ಕೆಲಸದ ಮುಖ್ಯ ಲಯವನ್ನೇ ಕತ್ತರಿಸಿ ಬಿಸಾಡಿ ಉಳಿದ ಮೇಯರ್ ಅಲೆಗೆ ಅಂಕ ಕೊಡುತ್ತದೆ. ಕತ್ತರಿ 0.01ರಲ್ಲಿರಲಿ.

ಹೋಲಿಕೆಗೆ ಏನಿಡಬೇಕು ಎನ್ನುವುದು ಇನ್ನೊಂದು. ಆಟವನ್ನು ಸುಮ್ಮನೆ ಕೂತ ವಿರಾಮದೊಂದಿಗೆ ಮಾತ್ರ ಹೋಲಿಸಿದರೆ ಬೆರಳು ಒತ್ತಿದ್ದು, ಅಕ್ಷರ ನೋಡಿದ್ದು, ಸ್ಪರ್ಧೆಯ ಉಮೇದು ಎಲ್ಲವೂ ಒಟ್ಟು ಸೇರಿಬಿಡುತ್ತವೆ. ಅದೇ ಅಕ್ಷರಗಳು, ಅದೇ ವೇಗ, ಅಷ್ಟೇ ಸಲ ಬೆರಳು ಒತ್ತುವುದು, ಆದರೆ ಒಂದೇ ಒಂದು ನಿಗದಿತ ಅಕ್ಷರ ಬಂದಾಗ ಒತ್ತಿದರೆ ಸಾಕು ಎನ್ನುವ ಸುಲಭ ಸುತ್ತನ್ನು ನಡುನಡುವೆ ಇಡಬೇಕು. ಕಷ್ಟದ ಸುತ್ತಿನಿಂದ ಸುಲಭದ್ದನ್ನು ಕಳೆದು ಉಳಿದದ್ದೇ ಶ್ರಮದ ಪಾಲು. ಜೊತೆಗೆ ಎಷ್ಟು ಉತ್ತರ ಸರಿ, ಎಷ್ಟು ಮಿಲಿಸೆಕೆಂಡು ಹಿಡಿಯಿತು ಎಂದು ಬರೆದಿಡಿ. ಗಮನದ ನೇರ ಅಳತೆ ಇಂದಿಗೂ ಅದೇ, ರಕ್ತ ಅದರ ಪಕ್ಕವಾದ್ಯ. ಬಾಯಿಬಿಟ್ಟು ಉತ್ತರ ಹೇಳಿಸುವುದು ಬೇಡ. ಮಾತಾಡುವಾಗ ಉಸಿರಾಟ ಬದಲಾಗಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತವೂ ಅದರ ಹಿಂದೆಯೇ ಇಳಿಯುತ್ತದೆ.

ಉಳಿದ ಉಪಕರಣಗಳ ಪಕ್ಕ ಇಟ್ಟರೆ? ಎಫ್‌ಎಂಆರ್‌ಐ ಎರಡು ಮೂರು ಮಿ.ಮೀ. ಅಳತೆಯಲ್ಲಿ ಇಡೀ ಮಿದುಳನ್ನು ನೋಡುತ್ತದೆ, ಅಡಿಭಾಗವನ್ನೂ ಸೇರಿಸಿ. ಆದರೆ ಮಲಗಿ ಅಲುಗದೆ ಇರಬೇಕು, ಮತ್ತು ಅದೂ ನೋಡುವುದು ರಕ್ತವನ್ನೇ, ಅದೇ ಐದು ಸೆಕೆಂಡು ತಡವಾಗಿ. ಅದರಲ್ಲೂ ಲೆಕ್ಕ ಜಾಗ್ರತೆ ಬೇಕು: ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿಟ್ಟು, ಸಾವಿರಾರು ಬಿಂದುಗಳ ಪರೀಕ್ಷೆಗೆ ಮಾಡಬೇಕಾದ ತಿದ್ದುಪಡಿ ಮಾಡದಿದ್ದರೆ ಅದರ ಮಿದುಳಲ್ಲೂ ಚಟುವಟಿಕೆ ಕಾಣುತ್ತದೆ ಎಂದು ಕ್ರೇಗ್ ಬೆನೆಟ್ ಮತ್ತು ಜೊತೆಗಾರರು 2009ರಲ್ಲಿ ತೋರಿಸಿದ್ದರು. ತಲೆಯ ಮೇಲಿನಿಂದ ಮಿದುಳಿನ ವಿದ್ಯುತ್ತನ್ನು ಅಳೆಯುವ ಇಇಜಿ ಮಿಲಿಸೆಕೆಂಡಿನಲ್ಲಿ ಮಾತಾಡುತ್ತದೆ, ಎಲ್ಲಿ ಎನ್ನುವುದನ್ನು ಮಾತ್ರ ತೊದಲುತ್ತದೆ. ನೋಟದ ಗಮನ ಎಡಕ್ಕೋ ಬಲಕ್ಕೋ ಎಂದು ತಿಳಿಯಬೇಕಿದ್ದರೆ ತಲೆಯ ಹಿಂದಿನ 8ರಿಂದ 12 ಹರ್ಟ್ಜ್‌ನ ಆಲ್ಫಾ ಅಲೆಯನ್ನು ನೋಡುವ ಇಇಜಿಯೇ ಈ ಹಣೆಪಟ್ಟಿಗಿಂತ ಮೇಲು. ಕೂತು, ನಿಂತು, ನಡೆದಾಡುತ್ತಾ, ಪುಟ್ಟ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಅಳೆಯಬೇಕಿದ್ದರೆ ಬೆಳಕಿಗೆ ಸಾಟಿಯಿಲ್ಲ. ಮಕ್ಕಳ ತಲೆಬುರುಡೆ ತೆಳು, ಬೆಳಕು ಹೆಚ್ಚು ಒಳಗೆ ಹೋಗುತ್ತದೆ. ಈ ತಂತ್ರ ಶಿಶುಗಳ ಅಧ್ಯಯನದಲ್ಲಿ ಇಷ್ಟು ಬೇರೂರಿರುವುದಕ್ಕೆ ಅದೂ ಒಂದು ಕಾರಣ.

ಹಾಗಾಗಿ ಯಾರು ಕೊಳ್ಳಬೇಕು? ಒಂದೇ ಆಟದ ಸುಲಭ ಮತ್ತು ಕಷ್ಟದ ಸುತ್ತುಗಳನ್ನು ಹೋಲಿಸಿ, ಹತ್ತು ಸುತ್ತಿನ ಸರಾಸರಿ ತೆಗೆದು, ಕಚ್ಚಾ ಗೆರೆಯನ್ನು ತಾವೇ ಕೂತು ನೋಡುವ ವ್ಯವಧಾನವಿರುವ ವಿದ್ಯಾರ್ಥಿಗಳು, ಅಧ್ಯಾಪಕರು, ಹವ್ಯಾಸಿಗಳು. ಕೆಲಸದ ಹೊತ್ತಿನಲ್ಲಿ ಸಿಬ್ಬಂದಿಯ ಗಮನ ಕಾಯಲು, ಪರೀಕ್ಷೆಗೆ ಓದುವ ಮಕ್ಕಳ ಏಕಾಗ್ರತೆ ಅಳೆಯಲು ಇದನ್ನು ತರುವವರು ಹಣವನ್ನಷ್ಟೇ ಅಲ್ಲ, ನ್ಯಾಯವನ್ನೂ ಕಳೆದುಕೊಳ್ಳುತ್ತಾರೆ. ಗಮನದ ಕೊರತೆಯ ಕಾಯಿಲೆ ಇದೆಯೇ ಎಂದು ಈ ಅಂಕ ನೋಡಿ ತೀರ್ಮಾನಿಸುವಂತೆಯೇ ಇಲ್ಲ.

ಕೊಳ್ಳುವ ಮುನ್ನ ಮಾರುವವರಿಗೆ ನಾಲ್ಕು ಪ್ರಶ್ನೆ ಬರೆದು ಕಳಿಸಿ. ಹತ್ತಿರದ ಚಾನಲ್ ಎಷ್ಟಿವೆ, ಎಷ್ಟು ಮಿ.ಮೀ. ಅಂತರದಲ್ಲಿ? 760 ಮತ್ತು 850ರ ಕಚ್ಚಾ ಬೆಳಕಿನ ಅಳತೆ, ಸೆಕೆಂಡಿಗೆ ಎಷ್ಟು ಸಲದಂತೆ, ಫೈಲಾಗಿ ಸಿಗುತ್ತದೆಯೇ? ಯಾವ ಆವರ್ತನದ ಕೆಳಗೆ ಕತ್ತರಿಸುತ್ತೀರಿ? ಗಮನದ ಅಂಕ ಯಾವ ಸೂತ್ರದಿಂದ ಬರುತ್ತದೆ? ಮೊದಲ ಮೂರಕ್ಕೆ ಸಂಖ್ಯೆಯಲ್ಲಿ ಉತ್ತರ ಬಂದರೆ ಪಟ್ಟಿ ತರಿಸಿಕೊಳ್ಳಿ. ನಾಲ್ಕನೆಯದಕ್ಕೆ ವ್ಯಾಪಾರದ ಗುಟ್ಟು ಎಂಬ ಉತ್ತರವೇ ಬರುವ ಸಂಭವ ಹೆಚ್ಚು. ಬಂದರೆ ಬರಲಿ, ಆಪ್‌ನ ಆ ಪುಟವನ್ನು ತೆರೆಯದೆ ಇದ್ದರಾಯಿತು.